ಬೇಳೆ ಬೇಯದ ನೀರಿನ ಊರಲ್ಲಿ ಶೇವಿಂಗ್ ಬ್ರಷ್ ಪಳಗಿಸುವುದು

ಹೊಸ ಶೇವಿಂಗ್ ಬ್ರಷ್ ತಂದಿದ್ದೀರಿ. ಕೆನ್ನೆಗೆ ಇಟ್ಟರೆ ತೆಂಗಿನ ನಾರಿನಲ್ಲಿ ಉಜ್ಜಿದ ಹಾಗಿದೆ. ನೊರೆ ಬಂತು ಅನ್ನುವಷ್ಟರಲ್ಲಿ ಮಾಯ. ಇಲ್ಲವೇ, ಎರಡು ವರ್ಷ ಚೆನ್ನಾಗಿದ್ದ ಬ್ರಷ್ ಈಚೆಗೆ ಕಡ್ಡಿಯ ಹಾಗೆ ಸೆಟೆದು ನಿಂತಿದೆ. ಎರಡಕ್ಕೂ ಜನ ಮಾಡುವುದು ಒಂದೇ ಕೆಲಸ. ಬ್ರಷ್ ಬಿಸಾಕಿ, ಡಬ್ಬಿಯಲ್ಲಿ ಬರುವ ಫೋಮ್ ತರುತ್ತಾರೆ.

ದಯವಿಟ್ಟು ಬಿಸಾಕಬೇಡಿ. ಬ್ರಷ್ಷಿನ ಬಿರುಸು ಎರಡು ಥರ ಇರುತ್ತದೆ. ಒಂದು ಕೂದಲಿನದೇ ಬಿರುಸು. ಅದು ಬಳಸುತ್ತಾ ಬಳಸುತ್ತಾ ತಾನೇ ಇಳಿಯುತ್ತದೆ. ಇನ್ನೊಂದು ನೀರು ತಂದಿಡುವ ಬಿರುಸು. ಅದು ಬಳಸುತ್ತಾ ಬಳಸುತ್ತಾ ಏರುತ್ತದೆ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ಹುಳಿ ಬೇಕು. ಯಾವುದು ಯಾವುದೆಂದು ಗೊತ್ತಾಗದೆ ಎಷ್ಟೋ ಒಳ್ಳೆಯ ಬ್ರಷ್‌ಗಳು ಕಸದ ಗಾಡಿಗೆ ಹೋಗುತ್ತಿವೆ.

ನಾನು ಕೋಲಾರದವನು. ಮೂರು ವರ್ಷದ ಹಿಂದೆ ನಮ್ಮ ಭಾವ ಒಂದು ಹಂದಿ ಕೂದಲಿನ ಬ್ರಷ್ ಕೊಟ್ಟರು. ಮರದ ಹಿಡಿ, ದಪ್ಪ ಕುಚ್ಚು, ನೋಡಲು ಚೆಂದ. ಮೊದಲ ವಾರ ಮುಖ ಉರಿದುಹೋಯಿತು. ಮೆತ್ತಗಾಗಲಿ ಎಂದು ಹಂಡೆಯಿಂದ ಕುದಿಯುವ ನೀರು ತೆಗೆದು ಅದರಲ್ಲಿ ಅದ್ದಿಟ್ಟೆ. ಅರ್ಧ ಗಂಟೆ ಬಿಟ್ಟು ಎತ್ತಿದರೆ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಪ್ರೀತಿಯಿಂದ ಕೊಟ್ಟ ವಸ್ತು ಹಾಗೆ ಹಾಳಾಯಿತಲ್ಲ ಎಂದು ಬಹಳ ಬೇಜಾರಾಯಿತು. ಎರಡನೆಯದನ್ನು ನಾನೇ ಕೊಂಡೆ. ಅದು ತಿಂಗಳಲ್ಲಿ ಮೆತ್ತಗಾಯಿತು, ಆಮೇಲೆ ಆರು ತಿಂಗಳಿಗೆ ಮತ್ತೆ ಬಿರುಸಾಯಿತು. ಯಾಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಅಡುಗೆಮನೆಯಿಂದ ಅಮ್ಮ ಹೇಳಿದ ಮಾತು ದಾರಿ ತೋರಿಸಿತು.

"ಈ ನೀರಲ್ಲಿ ಬೇಳೇನೇ ಬೇಯಲ್ಲ ಕಣಪ್ಪ. ಇನ್ನು ನಿನ್ನ ಬ್ರಷ್ ಎಲ್ಲಿಂದ ಮೆತ್ತಗಾಗುತ್ತೆ?"

ಅಲ್ಲಿಂದ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

ಮೊದಲು ಕೂದಲು ಯಾವುದೆಂದು ತಿಳಿಯಿರಿ

ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಎರಡು ಜಾತಿ. ಹಂದಿ ಕೂದಲಿನದು, ನೈಲಾನ್ ಥರದ ಸಿಂಥೆಟಿಕ್ ಎಳೆಯದು. ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದೂ ಇದೆ, ಬೆಲೆ ಜಾಸ್ತಿ. ಅಪರೂಪಕ್ಕೆ ಕುದುರೆ ಕೂದಲಿನದು ಸಿಗುತ್ತದೆ. ನಮ್ಮ ದೇಶದಲ್ಲಿ ಹಂದಿ ಕೂದಲಿನ ವ್ಯಾಪಾರಕ್ಕೆ ಕಾನ್ಪುರ ಹಳೆಯ ಹೆಸರು.

ಪೆಟ್ಟಿಗೆಯ ಮೇಲೆ ಬರೆದಿಲ್ಲದಿದ್ದರೆ ಹೀಗೆ ಮಾಡಿ. ಹೊಸ ಬ್ರಷ್ಷಿನಿಂದ ಒಂದೆರಡು ಎಳೆ ಉದುರಿಯೇ ಉದುರುತ್ತದೆ. ಉದುರಿದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ತಲೆಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಅದು ಪ್ರಾಣಿಯ ಕೂದಲು. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಬಣ್ಣ ನೋಡಿ ಹೇಳಲು ಹೋಗಬೇಡಿ. ಹಂದಿ ಕೂದಲಿಗೆ ಕಪ್ಪು ಪಟ್ಟೆ ಬಳಿದು ಬ್ಯಾಜರ್ ಥರ ಕಾಣುವಂತೆ ಮಾಡಿರುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಪಳಗಿಸುವ ಕೆಲಸ ಬೇಕಾಗುವುದು ಹಂದಿ ಕೂದಲಿಗೆ. ಸಿಂಥೆಟಿಕ್ ಎಳೆ ನೀರು ಕುಡಿಯುವುದಿಲ್ಲ, ಮೊದಲ ದಿನ ಹೇಗಿದೆಯೋ ಕೊನೆಯವರೆಗೂ ಹಾಗೇ. ತಂದ ದಿನವೇ ಅದು ಚುಚ್ಚುತ್ತಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಮನೆಯಲ್ಲಿ ಹಂದಿ ಕೂದಲು ಬೇಡ ಅನ್ನುವವರು ಬಹಳ ಜನ ಇದ್ದಾರೆ. ಅವರು ಸಿಂಥೆಟಿಕ್ ತೆಗೆದುಕೊಳ್ಳುವುದೇ ಸರಿ. ಆದರೆ ಅಂಗಡಿಯಲ್ಲೇ ತುದಿಯನ್ನು ಮೇಲ್ತುಟಿಗೆ ಮುಟ್ಟಿಸಿ ನೋಡಿ ಕೊಳ್ಳಿ. ಈಗ ಬರುತ್ತಿರುವ ನಯವಾದ ಸಿಂಥೆಟಿಕ್ ಬ್ರಷ್‌ಗಳು ನಿಜವಾಗಿಯೂ ಚೆನ್ನಾಗಿವೆ.

ಮೊದಲ ದಿನದ ಸ್ನಾನ

ಹಂದಿ ಕೂದಲಿನ ಹೊಸ ಬ್ರಷ್ ಸ್ವಲ್ಪ ನಾರುತ್ತದೆ. ಒದ್ದೆಯಾದ ಕುರಿಯ ವಾಸನೆಯ ಥರ. ಹೆದರಬೇಡಿ, ಕೆಟ್ಟಿಲ್ಲ.

ಒಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಬ್ರಷ್ ಅದ್ದಿ ಐದು ನಿಮಿಷ ಬಿಡಿ. ಆಮೇಲೆ ಅಂಗೈಯಲ್ಲಿ ನಾಲ್ಕೈದು ಹನಿ ಶಾಂಪೂ ಹಾಕಿಕೊಂಡು, ಬ್ರಷ್ಷನ್ನು ಅಂಗೈ ಮೇಲೆ ಸುತ್ತಿಸಿ ನೊರೆ ಮಾಡಿ. ಕುಚ್ಚಿನ ಒಳಗೆ ಬೆರಳು ಹಾಕಿ ಬುಡದವರೆಗೂ ತಿಕ್ಕಿ. ತೊಳೆಯಿರಿ. ಹೀಗೆ ಎರಡು ಸಲ. ಕೂದಲಿಗೆ ಹಚ್ಚಿದ ಎಣ್ಣೆ, ಧೂಳು, ಬಣ್ಣ ಇದ್ದರೆ ಹೋಗುತ್ತದೆ. ವಾಸನೆ ಅರ್ಧ ಹೋಗುತ್ತದೆ. ಉಳಿದರ್ಧ ಮುಂದಿನ ಹತ್ತು ದಿನದಲ್ಲಿ ಸೋಪಿನ ಜೊತೆಗೇ ಹೋಗುತ್ತದೆ.

ಇಲ್ಲಿ ಎರಡು ಮಾತು ನೆನಪಿಡಿ.

ನೀರು ಕೂದಲಿನ ಮಟ್ಟಕ್ಕೆ ಮಾತ್ರ ಇರಲಿ, ಹಿಡಿ ಮುಳುಗಬಾರದು. ಕುಚ್ಚನ್ನು ಹಿಡಿಯೊಳಗೆ ಅಂಟಿನಲ್ಲಿ ಕೂರಿಸಿರುತ್ತಾರೆ. ಆ ಜಾಗದಲ್ಲಿ ನೀರು ನಿಂತರೆ ಅಂಟು ಸಡಿಲವಾಗುತ್ತದೆ, ಮರದ ಹಿಡಿಯಾದರೆ ಉಬ್ಬಿ ಬಿರುಕು ಬಿಡುತ್ತದೆ.

ನೀರು ಕುದಿಯಬಾರದು. ಬೆರಳು ಅದ್ದಿ ಸುಮ್ನೆ ಹತ್ತು ಎಣಿಸಲು ಆಗುವಷ್ಟು ಬಿಸಿ ಸಾಕು. ಸುಮಾರು 40 ಡಿಗ್ರಿ. ಶಿಡ್ಲಘಟ್ಟದ ಕಡೆ ರೇಷ್ಮೆಗೂಡನ್ನು ಬಿಸಿ ನೀರಿನಲ್ಲಿ ಬೇಯಿಸುವುದನ್ನು ನೋಡಿದ್ದೀರಾ? ಎಳೆಗಳನ್ನು ಹಿಡಿದಿರುವ ಅಂಟು ಕರಗಿ ನೂಲು ಬಿಚ್ಚಿಕೊಳ್ಳಲಿ ಎಂದೇ ಅಷ್ಟು ಬಿಸಿ ಮಾಡುತ್ತಾರೆ. ಅಲ್ಲಿ ಎಳೆ ಬಿಡಬೇಕು. ಇಲ್ಲಿ ಬಿಡಬಾರದು. ಬ್ರಷ್ಷಿನ ಅಂಟು ಬೇರೆ ಜಾತಿಯದೇ ಆದರೂ ಕುದಿ ನೀರಿಗೆ ಅದೂ ಸೋಲುತ್ತದೆ, ಕೂದಲೂ ಸತ್ವ ಕಳೆದುಕೊಂಡು ತುಂಡಾಗುತ್ತದೆ. ಭಾವ ಕೊಟ್ಟ ಬ್ರಷ್ಷಿಗೆ ನಾನು ಮಾಡಿದ್ದು ಇದನ್ನೇ.

ಪಳಗಿಸುವುದು ಅಂದರೆ ಏನು

ಹೊಸ ಕುರಿ ಕಂಬಳಿ ಹೊದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಮಕೂರು, ಚಿತ್ರದುರ್ಗದ ಕಡೆ ಕೈಮಗ್ಗದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸದರಲ್ಲಿ ಅದು ತಗಡಿನ ಹಾಗೆ ನಿಲ್ಲುತ್ತದೆ. ಹೊದ್ದು, ಒಗೆದು, ಮಡಚಿ, ಮತ್ತೆ ಹೊದ್ದು, ನಾಲ್ಕಾರು ತಿಂಗಳಿಗೆ ಮೈಗೆ ಹೊಂದುತ್ತದೆ. ಬ್ರಷ್ಷೂ ಹಾಗೆಯೇ.

ಹಂದಿ ಕೂದಲಿಗೆ ಒಂದು ವಿಶೇಷ ಗುಣ ಇದೆ. ಅದರ ತುದಿ ಒಂದೇ ಮೊನೆಯಾಗಿ ಮುಗಿಯುವುದಿಲ್ಲ, ಕವಲೊಡೆಯುತ್ತದೆ. ನೀರು ಕುಡಿದು, ಉಜ್ಜಿಸಿಕೊಂಡು, ಪೂರ್ತಿ ಒಣಗಿ, ಮತ್ತೆ ನೀರು ಕುಡಿದಾಗ ಈ ಕವಲುಗಳು ಇನ್ನಷ್ಟು ಬಿಡಿಸಿಕೊಳ್ಳುತ್ತವೆ. ಒಂದು ದಪ್ಪ ತುದಿ ಇದ್ದ ಕಡೆ ಎರಡು ಮೂರು ಸಣ್ಣ ತುದಿ. ಮುಖಕ್ಕೆ ಮೆತ್ತಗೆ ಅನ್ನಿಸುವುದು ಇದಕ್ಕೇ. ಬುಡ ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ. ಸೋಪನ್ನು ಚೆನ್ನಾಗಿ ಎಬ್ಬಿಸಲು ಆ ಗಟ್ಟಿತನ ಬೇಕೇ ಬೇಕು. ಪಳಗಿದ ಹಂದಿ ಕೂದಲಿನ ಬ್ರಷ್ಷಿನಲ್ಲಿ ಬುಡದ ಬಲ, ತುದಿಯ ಮೆದು ಎರಡೂ ಒಟ್ಟಿಗೆ ಸಿಗುತ್ತವೆ. ಇದಕ್ಕೇ ನಾನು ಬೇರೆ ಜಾತಿಗೆ ಹೋಗಲಿಲ್ಲ.

ಹಾಗಾಗಿ, ತುದಿಯನ್ನು ಕತ್ತರಿಯಿಂದ ಸಮ ಮಾಡಲು ಹೋಗಬೇಡಿ. ಒಂದು ಸಲ ಕತ್ತರಿಸಿದರೆ ಕವಲು ಇರುವ ಭಾಗವೇ ಹೋಯಿತು. ಮೊಂಡು ತುದಿ ಯಾವತ್ತೂ ಮೆತ್ತಗಾಗುವುದಿಲ್ಲ.

ಈಗ ಕ್ರಮ. ಮೊದಲ ಏಳು ದಿನ, ಶೇವ್ ಮಾಡಿದರೂ ಮಾಡದಿದ್ದರೂ, ಬ್ರಷ್ಷಿಗೆ ದಿನಕ್ಕೊಂದು ಸಲ ಕೆಲಸ ಕೊಡಿ. ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಶೇವಿಂಗ್ ಸೋಪಿನ ಮೇಲೆ ಅರ್ಧ ನಿಮಿಷ ಸುತ್ತಿಸಿ. ಅಂಗೈಯಲ್ಲೋ ಬಟ್ಟಲಲ್ಲೋ ಎರಡು ಮೂರು ನಿಮಿಷ ದಪ್ಪ ನೊರೆ ಎಬ್ಬಿಸಿ. ಆ ನೊರೆಯನ್ನು ತೊಳೆಯದೆ ಕುಚ್ಚಿನಲ್ಲೇ ಬಿಟ್ಟು ಒಂದು ಗಂಟೆ ಇಡಿ. ಆಮೇಲೆ ಚೆನ್ನಾಗಿ ತೊಳೆದು, ಮಾರನೆಯ ದಿನದವರೆಗೆ ಪೂರ್ತಿ ಒಣಗಲು ಬಿಡಿ.

ಒಣಗಿಸುವುದನ್ನು ತಪ್ಪಿಸಬೇಡಿ. ಕೆಲವರು ಬೇಗ ಮೆತ್ತಗಾಗಲಿ ಎಂದು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೂದಲು ಕುಡಿಯುವಷ್ಟು ನೀರನ್ನು ಬೇಗನೇ ಕುಡಿದಿರುತ್ತದೆ, ಮಿಕ್ಕ ಹೊತ್ತು ನೀರು ಕೆಲಸ ಮಾಡುವುದು ಅಂಟಿನ ಮೇಲೆ. ನೆನೆದು ಒಣಗುವ ಆವರ್ತನೆಯಿಂದ ಬ್ರಷ್ ಪಳಗುತ್ತದೆ. ನೆನೆದೇ ಇದ್ದರೆ ಕೊಳೆಯುತ್ತದೆ.

ಏಳು ದಿನಕ್ಕೆ ಪವಾಡ ಆಗುವುದಿಲ್ಲ. ವ್ಯತ್ಯಾಸ ಗೊತ್ತಾಗಲು ಹತ್ತು ಹದಿನೈದು ಶೇವ್ ಬೇಕು. ನಿಜವಾಗಿಯೂ ಹದಕ್ಕೆ ಬರಲು ಒಂದು ತಿಂಗಳಿಂದ ಎರಡು ತಿಂಗಳು. ಅಷ್ಟರಲ್ಲಿ ದಿನಕ್ಕೆ ಒಂದೆರಡು ಕೂದಲು ಉದುರುತ್ತದೆ. ಅಂಟಿಗೆ ಸಿಗದೆ ಸುಮ್ನೆ ಸಿಕ್ಕಿಕೊಂಡಿದ್ದ ಕೂದಲು ಅವು. ತಿಂಗಳಾದ ಮೇಲೂ ಉದುರುತ್ತಿದ್ದರೆ, ಇಲ್ಲವೇ ಒಂದೇ ಸಲ ಹತ್ತಿಪ್ಪತ್ತು ಒಟ್ಟಿಗೆ ಬಂದರೆ, ಅಂಟೇ ಸರಿಯಿಲ್ಲ. ಅಂಗಡಿಗೆ ವಾಪಸ್ ಕೊಡಿ.

ನೊರೆ ನುಂಗುವ ಬ್ರಷ್

ಪಳಗುವ ದಿನಗಳಲ್ಲಿ ಎಲ್ಲರಿಗೂ ಬೇಸರ ತರಿಸುವುದು ಇದು. ನೊರೆ ಚೆನ್ನಾಗಿ ಎದ್ದಿರುತ್ತದೆ, ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಬ್ರಷ್ ಬರಿದು. ಹೊಸ ಕೂದಲು ಇನ್ನೂ ನೀರು ಎಳೆಯುತ್ತಿರುತ್ತದೆ. ಸೋಪಿನ ನೊರೆಯಲ್ಲಿದ್ದ ನೀರನ್ನೇ ಅದು ಕುಡಿದುಬಿಡುತ್ತದೆ, ನೊರೆ ಒಡೆಯುತ್ತದೆ. ಅದಕ್ಕೇ ನೆನೆಸುವುದನ್ನು ತಪ್ಪಿಸಬಾರದು. ಸ್ನಾನಕ್ಕೆ ಹೋಗುವಾಗ ಲೋಟದಲ್ಲಿ ಬ್ರಷ್ ಇಟ್ಟು ಹೋಗಿ, ಬರುವಷ್ಟರಲ್ಲಿ ತಯಾರಾಗಿರುತ್ತದೆ. ಪಳಗಿದ ಮೇಲೆ ಮೂರು ನಿಮಿಷ ಸಾಕು. ಸಿಂಥೆಟಿಕ್ಕಿಗೆ ಇದು ಬೇಕಾಗಿಲ್ಲ, ಸುಮ್ನೆ ಒದ್ದೆ ಮಾಡಿದರೆ ಆಯಿತು.

ನೆನೆದ ಬ್ರಷ್ಷನ್ನು ಎತ್ತಿ ಒಂದು ಸಲ ಮೆಲ್ಲಗೆ ಒದರಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ. ಕ್ರೀಮ್ ಆದರೆ ಒಂದು ಕಡಲೆಕಾಯಿ ಬೀಜದಷ್ಟು, ಹೊಸ ಬ್ರಷ್ಷಿಗೆ ಎರಡು ಬೀಜದಷ್ಟು. ದುಂಡನೆಯ ಸೋಪಾದರೆ 20ರಿಂದ 30 ಸೆಕೆಂಡು ಸುತ್ತಿಸಿ. ಮೊದಲು ಬರುವುದು ಒಣ ಅಂಟು. ಅದಕ್ಕೆ ಬೆರಳ ತುದಿಯಿಂದ ಒಂದೊಂದೇ ಹನಿ ನೀರು ಸೇರಿಸುತ್ತಾ ಸುತ್ತಿಸಿ. ಗಟ್ಟಿ ಮೊಸರನ್ನು ಕಡೆದ ಹಾಗೆ ನಯವಾಗಿ, ಗುಳ್ಳೆ ಕಾಣದ ಹಾಗೆ ಆದಾಗ ಹದ ಬಂತು. ದೊಡ್ಡ ದೊಡ್ಡ ಗುಳ್ಳೆ ಇದ್ದರೆ ನೀರು ಜಾಸ್ತಿಯಾಗಿದೆ, ಸ್ವಲ್ಪ ಸೋಪು ಸೇರಿಸಿ.

ಮೈ ಸೋಪಿನಲ್ಲಿ ಕೆಲಸ ಸಾಗಿಸುವವರಿದ್ದಾರೆ. ಅದರ ನೊರೆ ಮುಖದ ಮೇಲೆ ಬೇಗ ಆರುತ್ತದೆ, ನಮ್ಮ ನೀರಿನಲ್ಲಿ ಜಿಡ್ಡೂ ಜಾಸ್ತಿ ಕೂರುತ್ತದೆ. ಶೇವಿಂಗ್ ಸೋಪನ್ನೇ ಬಳಸಿ.

ಮುಖಕ್ಕೆ ಹಚ್ಚುವಾಗ ಬ್ರಷ್ಷನ್ನು ಒತ್ತಬೇಡಿ. ಕುಚ್ಚು ಪೂರ್ತಿ ಅಗಲವಾಗಿ ಬುಡ ಚರ್ಮಕ್ಕೆ ತಾಗುವಷ್ಟು ಒತ್ತಿದರೆ ಕೂದಲು ನಡುವೆ ಮುರಿಯುತ್ತದೆ. ಸ್ವಲ್ಪ ಕಾಲಕ್ಕೆ ಕುಚ್ಚಿನ ಮಧ್ಯೆ ಗುಳಿ ಬೀಳುತ್ತದೆ. ತುದಿ ಅರ್ಧ ಇಂಚು ಬಾಗಿದರೆ ಸಾಕು. ಮೊದಲು ಸುತ್ತಿಸಿ, ಕೊನೆಗೆ ಗೋಡೆಗೆ ಸುಣ್ಣ ಬಳಿಯುವ ಹಾಗೆ ಮೇಲೆ ಕೆಳಗೆ. ಪಳಗುವವರೆಗೂ ಮೊಡವೆ, ಗಾಯ ಇದ್ದ ಕಡೆ ಬೆರಳಿನಿಂದಲೇ ನೊರೆ ಹಚ್ಚಿಕೊಳ್ಳಿ.

ಈಗ ನೀರಿನ ವಿಷಯ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬ್ರಷ್ ಕೆಡುವುದು ಇಲ್ಲೇ.

ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಪಾಲಾರ್, ಪಿನಾಕಿನಿ ನಂದಿ ಬೆಟ್ಟದ ಸೀಮೆಯಲ್ಲೇ ಹುಟ್ಟಿದರೂ ನಮ್ಮಲ್ಲಿ ಅವು ಮಳೆ ಬಂದಾಗ ಮಾತ್ರ ಕಾಣುತ್ತವೆ. ಕೆರೆಗಳು ಬತ್ತಿದವು, ನಾವು ಬೋರ್‌ವೆಲ್ ನಂಬಿದೆವು. ಕೊರೆಯುತ್ತಾ ಕೊರೆಯುತ್ತಾ ಸಾವಿರ ಅಡಿ ದಾಟಿದೆವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆದರೂ ಬಹಳ ಮನೆಗಳ ಬಚ್ಚಲಿಗೆ ಬರುವುದು ಬೋರ್‌ವೆಲ್ ನೀರೇ. ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಮನೆಯಲ್ಲಿ ನಾವು ಇದನ್ನು ಉಪ್ಪು ನೀರು ಅನ್ನುತ್ತೇವೆ. ಶಾಲೆಯ ಪುಸ್ತಕದಲ್ಲಿ ಗಡಸು ನೀರು ಎಂದು ಓದಿದ್ದೇವೆ. ಬೇಳೆ ಬೇಯದಿರುವುದು ಇದರಿಂದ. ನಲ್ಲಿಯ ಬಾಯಿಗೆ ಬಿಳಿ ಹೊಪ್ಪಳೆ ಕಟ್ಟುವುದು, ಗೀಸರ್ ಕಾಯಿಲ್ ಮೇಲೆ ಸುಣ್ಣ ಕೂರುವುದು, ಬಕೆಟ್ ಒಳಗೆ ಬಿಳಿ ಗೆರೆ ಬೀಳುವುದು ಎಲ್ಲವೂ ಇದರಿಂದಲೇ.

ಬ್ರಷ್ಷಿನಲ್ಲಿ ಆಗುವುದು ಹೀಗೆ. ಸೋಪು ಈ ಕ್ಯಾಲ್ಸಿಯಂ ಜೊತೆ ಸೇರಿದಾಗ ನೊರೆಯಾಗುವ ಬದಲು ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಯಾಕೆಂದರೆ ತೊಳೆಯುವ ನೀರೂ ಅದೇ. ದಿನಾ ಒಂದೊಂದು ತೆಳು ಪದರ ಕೂದಲಿಗೆ ಅಂಟುತ್ತದೆ. ಬುಡದಲ್ಲಿ ಜಾಸ್ತಿ. ಆರು ತಿಂಗಳಿಗೆ ಕೂದಲು ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಾಗುತ್ತದೆ. ಆಗ ನೀವು ಸೋಪು ಜಾಸ್ತಿ ಹಾಕುತ್ತೀರಿ, ಜಿಡ್ಡು ಇನ್ನೂ ಜಾಸ್ತಿಯಾಗುತ್ತದೆ. ಸಿಂಥೆಟಿಕ್ ಬ್ರಷ್ಷೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ನಿಮ್ಮ ನೀರು ಎಂಥದೆಂದು ಮನೆಯಲ್ಲೇ ನೋಡಬಹುದು. ಖಾಲಿ ನೀರಿನ ಬಾಟಲಿಗೆ ಅರ್ಧ ನೀರು ತುಂಬಿ. ಮೈ ಸೋಪನ್ನು ಚಾಕುವಿನಿಂದ ಕೆರೆದು ಒಂದು ಚಿಟಿಕೆ ಹಾಕಿ, ಮುಚ್ಚಳ ಮುಚ್ಚಿ ಅರ್ಧ ನಿಮಿಷ ಅಲ್ಲಾಡಿಸಿ. ಮೇಲೆ ದಪ್ಪ ನೊರೆ, ಕೆಳಗೆ ತಿಳಿ ನೀರು ಇದ್ದರೆ ನೀರು ಮೆದು. ನೊರೆ ಕಡಿಮೆ, ನೀರು ಹಾಲಿನ ಹಾಗೆ ಮಬ್ಬು, ಮೇಲೆ ಕೆನೆಯ ತುಂಡುಗಳಿದ್ದರೆ ಗಡಸು. ಶಾಂಪೂ ಹಾಕಿ ಪರೀಕ್ಷೆ ಮಾಡಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ನೀರಿನ ವರದಿ ಮಾಡಿಸಿದವರು ಒಟ್ಟು ಗಡಸುತನ ಎಂಬ ಸಾಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಅದು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. 200 ದಾಟಿದರೆ ಬ್ರಷ್ಷಿಗೆ ಕೆಳಗೆ ಹೇಳುವ ಉಪಚಾರ ಬೇಕಾಗುತ್ತದೆ.

ಕಾಯಿಸಿ ಆರಿಸಿದರೆ ಸಾಲದೇ ಎಂದು ಕೇಳುತ್ತಾರೆ. ಕಾಯಿಸಿದಾಗ ಒಂದು ಪಾಲು ಗಡಸು ತಳಕ್ಕೆ ಇಳಿಯುತ್ತದೆ, ಪಾತ್ರೆಯ ತಳದ ಬಿಳಿ ಪುಡಿ ಅದೇ. ಇನ್ನೊಂದು ಪಾಲು ಎಷ್ಟು ಕಾಯಿಸಿದರೂ ನೀರಿನಲ್ಲೇ ಇರುತ್ತದೆ. ನಾನು ಮಾಡುವುದು ಬೇರೆ. ಊರಿನ ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ತರುವ ಕ್ಯಾನ್ ಇದೆಯಲ್ಲ, ಅದರಿಂದ ಒಂದು ಲೋಟ ತೆಗೆದುಕೊಳ್ಳುತ್ತೇನೆ. ಅರ್ಧ ಲೋಟ ಬೆಚ್ಚಗೆ ಮಾಡಿ ನೆನೆಸಲು ಮತ್ತು ನೊರೆಗೆ. ಉಳಿದರ್ಧ ಬ್ರಷ್ಷಿನ ಕೊನೆಯ ತೊಳೆತಕ್ಕೆ. ಮುಖ ತೊಳೆಯಲು, ರೇಜರ್ ಜಾಲಿಸಲು ನಲ್ಲಿ ನೀರೇ ಸಾಕು. ಮಳೆಗಾಲದಲ್ಲಿ ಮಳೆ ನೀರು ಇದಕ್ಕಿಂತ ಒಳ್ಳೆಯದು. ಮೊದಲ ಕಾಲು ಗಂಟೆಯ ಮಳೆ ತಾರಸಿ ತೊಳೆದು ಹೋಗಲಿ, ಆಮೇಲೆ ಹಿಡಿದ ಒಂದು ಕೊಡ ಎಷ್ಟೋ ದಿನಕ್ಕೆ ಬರುತ್ತದೆ. ಮುಚ್ಚಿಡಿ, ಸೊಳ್ಳೆ ಮೊಟ್ಟೆ ಇಡುತ್ತವೆ. ಮಳೆ ನೀರಿನಲ್ಲಿ ಮೊದಲ ಸಲ ನೊರೆ ಎಬ್ಬಿಸಿದ ದಿನ ನನಗೆ ಆಶ್ಚರ್ಯವಾಯಿತು. ಅದೇ ಬ್ರಷ್, ಅದೇ ಸೋಪು, ಅರ್ಧದಷ್ಟೇ ಸೋಪಿಗೆ ಬಟ್ಟಲು ತುಂಬಿತು.

ಹುಳಿ ಸ್ನಾನ

ಈಗಾಗಲೇ ಜಿಡ್ಡು ಹಿಡಿದ ಬ್ರಷ್ಷಿಗೆ ಇದೇ ಮದ್ದು. ಸುಣ್ಣದ ಜಿಡ್ಡು ಹುಳಿಗೆ ಬಿಡುತ್ತದೆ.

ಒಂದು ಲೋಟ ಉಗುರುಬೆಚ್ಚಗಿನ ನೀರು, ಕ್ಯಾನ್ ನೀರಾದರೆ ಒಳ್ಳೆಯದು. ಅದಕ್ಕೆ ಒಂದೂವರೆ ದೊಡ್ಡ ಚಮಚ ಬಿಳಿ ವಿನೆಗರ್. ಹತ್ತು ಪಾಲು ನೀರಿಗೆ ಒಂದು ಪಾಲು ಎಂದು ಲೆಕ್ಕ. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು ಅರ್ಧ ಟೀ ಚಮಚ, ಇಲ್ಲವೇ ಒಂದು ನಿಂಬೆಹಣ್ಣಿನ ರಸವನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಹುಣಸೆಹಣ್ಣು ಬೇಡ. ಹಿತ್ತಾಳೆ ತೊಳೆಯಲು ಅದು ಸರಿ, ಇಲ್ಲಿ ಅದರ ನಾರು ಕುಚ್ಚಿನೊಳಗೆ ಸಿಕ್ಕಿಕೊಳ್ಳುತ್ತದೆ.

ಬ್ರಷ್ಷನ್ನು ಮೊದಲು ಸಾದಾ ನೀರಿನಲ್ಲಿ ಐದು ನಿಮಿಷ ನೆನೆಸಿ. ಆಮೇಲೆ ಹುಳಿ ನೀರಿನಲ್ಲಿ ಕೂದಲಷ್ಟೇ ಮುಳುಗುವಂತೆ ಹಿಡಿದು ಅರ್ಧ ನಿಮಿಷ ಮೆಲ್ಲಗೆ ಆಡಿಸಿ. ಐದು ನಿಮಿಷ ಬಿಡಿ. ಮತ್ತೆ ಆಡಿಸಿ. ನೀರು ಮಬ್ಬಾಗುತ್ತದೆ, ಬಿಳಿ ತುಣುಕುಗಳು ತೇಲುತ್ತವೆ. ಬೆರಳಿನಿಂದ ಕುಚ್ಚನ್ನು ಬುಡದಲ್ಲಿ ಬಿಡಿಸಿ ನೋಡಿ, ಜಿಡ್ಡಿನ ಹೆಚ್ಚಿನ ಪಾಲು ಅಲ್ಲೇ ಕೂತಿರುತ್ತದೆ. ಒಟ್ಟು 15 ನಿಮಿಷಕ್ಕಿಂತ ಜಾಸ್ತಿ ಇಡಬೇಡಿ. ಸಾದಾ ನೀರಿನಲ್ಲಿ ಜಾಲಿಸಿ. ಕೊನೆಗೆ ಎರಡು ಹನಿ ಶಾಂಪೂ ಹಾಕಿ ತೊಳೆದು ಒಣಗಿಸಿ. ವಿನೆಗರ್ ವಾಸನೆ ಒಣಗಿದ ಮೇಲೆ ಇರುವುದಿಲ್ಲ.

ಬೋರ್‌ವೆಲ್ ನೀರನ್ನೇ ಬಳಸುವವರು ತಿಂಗಳಿಗೊಮ್ಮೆ ಮಾಡಿ. ಕ್ಯಾನ್ ನೀರು ಅಥವಾ ಮಳೆ ನೀರು ಬಳಸುವವರಿಗೆ ಮೂರು ತಿಂಗಳಿಗೊಮ್ಮೆ ಸಾಕು. ಎರಡು ಥರದ ಬಿರುಸಿನಲ್ಲಿ ಯಾವುದು ಎಂಬ ಅನುಮಾನಕ್ಕೂ ಉತ್ತರ ಇಲ್ಲಿ ಸಿಗುತ್ತದೆ. ಹುಳಿ ಸ್ನಾನದ ನಂತರ ಬ್ರಷ್ ಮೆತ್ತಗಾದರೆ ತಪ್ಪು ನೀರಿನದು. ಆಗದೇ ಇದ್ದರೆ ಕೂದಲು ಇನ್ನೂ ಪಳಗಿಲ್ಲ, ಬಳಸುತ್ತಾ ಹೋಗಿ.

ಬ್ಲೀಚಿಂಗ್ ಪೌಡರ್, ಬಟ್ಟೆ ಸೋಡಾ, ಬಾತ್‌ರೂಮ್ ತೊಳೆಯುವ ಆಸಿಡ್ ಇವನ್ನು ಹತ್ತಿರ ತರಬೇಡಿ. ಬ್ಲೀಚ್ ಮತ್ತು ಸೋಡಾ ಕೂದಲನ್ನೇ ತಿನ್ನುತ್ತವೆ. ವಿನೆಗರ್ ಮತ್ತು ಬ್ಲೀಚ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ.

ಶೇವ್ ಮುಗಿದ ಮೇಲೆ

ಎರಡು ನಿಮಿಷದ ಕೆಲಸ. ನಲ್ಲಿ ಕೆಳಗೆ ಹಿಡಿದು ನೊರೆ ಹೋಗುವವರೆಗೆ ತೊಳೆಯಿರಿ. ಆಮೇಲೆ ಕುಚ್ಚಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿ. ಬಿಳಿ ನೀರು ಬಂದರೆ ಒಳಗೆ ಸೋಪು ಇದೆ. ತಿಳಿ ನೀರು ಬರುವವರೆಗೂ ತೊಳೆಯಿರಿ. ಕೊನೆಗೆ ಅರ್ಧ ಲೋಟ ಮೆದು ನೀರಿನಲ್ಲಿ ಅದ್ದಿ, ಮುಷ್ಟಿಯಲ್ಲಿ ಹಿಡಿದು ಹಿಸುಕಿ, ನಾಲ್ಕು ಸಲ ಒದರಿ, ಟವೆಲ್ ಮೇಲೆ ಎರಡು ಸಲ ಸವರಿ.

ತಲೆಕೆಳಗಾಗಿ ತೂಗುಹಾಕಬೇಕೋ, ನೆಟ್ಟಗೆ ನಿಲ್ಲಿಸಬೇಕೋ ಎಂದು ಬಹಳ ಚರ್ಚೆ ಇದೆ. ನೀರು ಚೆನ್ನಾಗಿ ತೆಗೆದಿದ್ದರೆ ಎರಡೂ ಸರಿ. ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಗಾಳಿ ಆಡುವ ಕಿಟಕಿ ಹತ್ತಿರ, ನೆರಳಲ್ಲಿ ಇಡಿ. ಬಚ್ಚಲು ಮನೆಯ ಮುಚ್ಚಿದ ಕಪಾಟು, ಪ್ಲಾಸ್ಟಿಕ್ ಡಬ್ಬಿ, ಟ್ಯೂಬು ಬೇಡ. ನಮ್ಮದು ಒಣ ಹವೆ, ಬೇಸಿಗೆಯಲ್ಲಿ ಸಂಜೆಗೇ ಒಣಗಿರುತ್ತದೆ. ಜಡಿಮಳೆ ಹಿಡಿದಾಗ, ಮಾಗಿ ಚಳಿಯಲ್ಲಿ ಒಂದು ದಿನ ಪೂರ್ತಿ ಬೇಕು. ದಿನಾ ಶೇವ್ ಮಾಡುವವರು ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಎರಡೂ ಬಹಳ ಕಾಲ ಬಾಳುತ್ತವೆ. ಪ್ರಯಾಣಕ್ಕೆ ಹೊರಟಾಗ ಒದ್ದೆ ಬ್ರಷ್ಷನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ಹತ್ತಿ ಕರ್ಚೀಫಿನಲ್ಲಿ ಸುತ್ತಿ.

ಮನೆಯಲ್ಲಿ ಅಪ್ಪ, ಅಣ್ಣ, ತಮ್ಮ ಎಲ್ಲರಿಗೂ ಒಂದೇ ಬ್ರಷ್ ಇರುತ್ತದೆ. ಅದು ಬೇಡ. ಶೇವ್ ಮಾಡುವಾಗ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ, ರಕ್ತದಿಂದ ಹರಡುವ ಸೋಂಕುಗಳಿಗೆ ಅಷ್ಟು ದಾರಿ ಸಾಕು. ಕಟಿಂಗ್ ಶಾಪಿನಲ್ಲಿ ಈಗ ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡ್ ಹಾಕುತ್ತಾರೆ, ಒಳ್ಳೆಯದು. ಬ್ರಷ್ ಮಾತ್ರ ಎಲ್ಲರಿಗೂ ಒಂದೇ. "ಅಣ್ಣಾ, ನನ್ನ ಬ್ರಷ್ ತಂದಿದೀನಿ, ಇದರಲ್ಲೇ ಹಚ್ಚಿ" ಎಂದು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಹಳೆಯ ಸಂಗತಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಸೈನಿಕರಿಗೂ ಸಾಮಾನ್ಯ ಜನರಿಗೂ ಆಂಥ್ರಾಕ್ಸ್ ತಗಲಿತ್ತು. ನಮ್ಮ ದನ ಸಾಕುವವರು ನೆರಡಿ ರೋಗ ಅನ್ನುವುದು ಇದನ್ನೇ. ಇದರ ಬೀಜಾಣು ಒಣ ಕೂದಲಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಶಾಂಪೂ ಸ್ನಾನಕ್ಕೆ ಸಾಯುವುದಿಲ್ಲ. ಇವತ್ತು ಒಳ್ಳೆಯ ತಯಾರಕರು ಕೂದಲನ್ನು ಶುದ್ಧ ಮಾಡಿಯೇ ಕಟ್ಟುತ್ತಾರೆ. ಆದರೆ ಹಳೆಯ ಸಾಮಾನಿನ ಸಂತೆಯಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲದ ಪುರಾತನ ಬ್ರಷ್ ಸಿಕ್ಕರೆ ಚೆಂದ ಇದೆ ಎಂದು ಮುಖಕ್ಕೆ ಹಚ್ಚಬೇಡಿ.

ಟ್ರಂಕಿನಲ್ಲಿದ್ದ ಬ್ರಷ್

ಮನೆಯದೇ ಹಳೆಯ ಬ್ರಷ್ ಆದರೆ ಬೇರೆ ಮಾತು. ನಮ್ಮ ಅಪ್ಪ ಹೋದ ಮೇಲೆ ಅವರ ತಗಡಿನ ಟ್ರಂಕಿನಲ್ಲಿ ಒಂದು ಬ್ರಷ್ ಸಿಕ್ಕಿತು. ಅಂಗಡಿಯಿಂದ ಅವರು ಹೊಸದಾಗಿ ತಂದಿದ್ದು ನನಗೇ ನೆನಪಿದೆ. ಕುಚ್ಚು ಕಲ್ಲಿನ ಹಾಗಿತ್ತು. ಬೆರಳಿನಿಂದ ಬಿಡಿಸಲೂ ಆಗುತ್ತಿರಲಿಲ್ಲ. ಅವರು ಅದನ್ನು ಬಳಸುವುದು ಬಿಟ್ಟದ್ದು ಬಿರುಸಾಯಿತು ಎಂದೇ ಇರಬೇಕು.

ಒಣಗಿದ ಕೂದಲನ್ನು ಬಲವಂತದಿಂದ ಬಿಡಿಸಲಿಲ್ಲ, ಮುರಿಯುತ್ತದೆ. ಮೊದಲು ಅರ್ಧ ಗಂಟೆ ಬೆಚ್ಚಗಿನ ಮಳೆ ನೀರಿನಲ್ಲಿ ನೆನೆಸಿದೆ. ಆಮೇಲೆ ಹುಳಿ ಸ್ನಾನ. ನೀರು ಗಂಜಿಯ ಹಾಗೆ ಬೆಳ್ಳಗಾಯಿತು. ಒಣಗಿಸಿ, ಒಂದು ದಿನ ಬಿಟ್ಟು ಎರಡನೆಯದು. ಮತ್ತೆ ಒಂದು ದಿನ ಬಿಟ್ಟು ಮೂರನೆಯದು. ಒಂದೇ ದಿನ ಹುಳಿ ಜಾಸ್ತಿ ಹಾಕಿ ಮುಗಿಸುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ಮಾಡುವುದು ಕೂದಲಿಗೆ ಒಳ್ಳೆಯದು. ಮೂರನೆಯ ಸಲ ತಲೆಬಾಚುವ ಅಗಲ ಹಲ್ಲಿನ ಬಾಚಣಿಗೆಯನ್ನು ಒದ್ದೆ ಕುಚ್ಚಿನಲ್ಲಿ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಆಡಿಸಿದೆ. ಸುಮಾರು ನಲವತ್ತು ಕೂದಲು ಉದುರಿತು. ಉಳಿದದ್ದು ಅರಳಿತು. ಅಪ್ಪ ವರ್ಷಗಟ್ಟಲೆ ಬಳಸಿ ಪಳಗಿಸಿದ ತುದಿಗಳು ಆ ಜಿಡ್ಡಿನ ಒಳಗೆ ಹಾಗೇ ಇದ್ದವು. ನನ್ನ ಹೊಸ ಬ್ರಷ್ಷಿಗಿಂತ ಮೆತ್ತಗೆ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು.

ಎಲ್ಲ ಹಳೆಯ ಬ್ರಷ್ಷೂ ಹೀಗೆ ಮರಳುವುದಿಲ್ಲ. ಕುಚ್ಚಿನ ನಡುವೆ ಬೋಳು ಬಿದ್ದಿದ್ದರೆ, ಹುಳ ತಿಂದಿದ್ದರೆ, ಎಳೆ ಬಗ್ಗಿಸಿದಾಗ ಪಟಕ್ಕನೆ ಮುರಿದರೆ, ಒಳಗೆ ಕಪ್ಪು ಬೂಷ್ಟು ಹಿಡಿದಿದ್ದರೆ ಅದರ ಆಯಸ್ಸು ಮುಗಿದಿದೆ. ಸಿಂಥೆಟಿಕ್ ಎಳೆ ಬಿಸಿ ನೀರಿಗೆ ಸುರುಟಿಕೊಂಡಿದ್ದರೂ ಅಷ್ಟೇ. ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಉಳಿದವನ್ನು ಹುಳಿ ನೀರಿನಲ್ಲಿ ಒಮ್ಮೆ ತೊಳೆದು ಒಣಗಿಸಿ ಹೊಲಿಗೆ ಯಂತ್ರದ ಡಬ್ಬಿಯಲ್ಲಿ ಇಡಿ. ಬಾಬಿನ್ ಕೂರುವ ಗೂಡಿನ ಧೂಳು, ನೂಲಿನ ಚೂರು ತೆಗೆಯಲು ಅದಕ್ಕಿಂತ ಒಳ್ಳೆಯ ವಸ್ತು ನಮ್ಮ ಮನೆಯಲ್ಲಿ ಬೇರೆ ಇಲ್ಲ.